ನಾಲ್ಕು ತಾಲ್ಲೂಕು, ನಾಲ್ಕು ಸಾವಿರ ರೂಪಾಯಿ

ನಮ್ಮ ಮಕ್ಕಳ ಬೇಸಿಗೆ ರಜೆ ಮುಗಿದು ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಅಮೆರಿಕದ ಮಕ್ಕಳಿಗೆ ರಜೆ ಶುರುವಾಗುತ್ತದೆ. ಹಾಗಾಗಿ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಹತ್ತಿರ ಇರುವ ನನ್ನ ಮಗಳು 2025ರ ಜೂನ್ ತಿಂಗಳಲ್ಲಿ ಕೋಲಾರಕ್ಕೆ ಬಂದಳು. ಜೊತೆಗೆ ಹನ್ನೊಂದು ವರ್ಷದ ಮೊಮ್ಮಗಳು. ಬಂದ ಮೂರನೆಯ ದಿನವೇ ಅವಳು ಒಂದು ಚೀಟಿ ಹಿಡಿದು ನನ್ನ ಮುಂದೆ ನಿಂತಳು.

"ತಾತಾ, ನನ್ನ ಫ್ರೆಂಡ್ಸ್‌ಗೂ ಟೀಚರಿಗೂ ಏನಾದರೂ ತಗೊಂಡು ಹೋಗಬೇಕು. ಅಮ್ಮ ಬೆಂಗಳೂರಿನ ಮಾಲ್‌ಗೆ ಹೋಗೋಣ ಅಂತಾಳೆ."

"ಆ ಮಾಲ್‌ನಲ್ಲಿ ಸಿಗೋದು ನಿಮ್ಮ ಊರಲ್ಲೂ ಸಿಗುತ್ತಲ್ಲ ಪುಟ್ಟಿ" ಎಂದೆ. ಹೇಳಿದ ಮೇಲೆ ನಾನೇ ಏನಾದರೂ ದಾರಿ ತೋರಿಸಬೇಕಲ್ಲ? ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ನನ್ನ ತಲೆಗೆ ಬರುವ ದಾರಿಗಳೆಲ್ಲ ಲೆಕ್ಕದ ಪುಸ್ತಕದ ಮೂಲಕವೇ ಬರುತ್ತವೆ. ಒಂದು ಉದ್ದ ನೋಟ್ ಪುಸ್ತಕ ತೆಗೆದು ಅವಳ ಕೈಗೆ ಕೊಟ್ಟೆ. ನಾಲ್ಕು ಸಾವಿರ ರೂಪಾಯಿಯನ್ನೂ ಕೊಟ್ಟೆ. ಕೋಲಾರ, ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು, ಹೀಗೆ ತಾಲ್ಲೂಕಿಗೆ ಒಂದು ಸಾವಿರ. ಷರತ್ತು ಒಂದೇ: ಬೆಳೆದವರ ಕೈಯಿಂದ ಇಲ್ಲವೇ ಮಾಡಿದವರ ಕೈಯಿಂದಲೇ ಕೊಳ್ಳಬೇಕು. ನಡುವೆ ಅಂಗಡಿ ಇರಬಾರದು.

ಇದು ಅವಳಿಗೆ ಹೊಸದೇನಲ್ಲ. ಡಲ್ಲಾಸ್‌ನಿಂದ ಪೂರ್ವಕ್ಕೆ ಸುಮಾರು ಒಂದು ಗಂಟೆ ಕಾರಿನಲ್ಲಿ ಹೋದರೆ ಕ್ಯಾಂಟನ್ ಎಂಬ ಸಣ್ಣ ಊರಿದೆ. ತಿಂಗಳ ಮೊದಲ ಸೋಮವಾರಕ್ಕೆ ಮುಂಚಿನ ಗುರುವಾರದಿಂದ ಭಾನುವಾರದವರೆಗೆ ಅಲ್ಲಿ ಭಾರಿ ಸಂತೆ ನಡೆಯುತ್ತದೆ. ನಾನು ಮಗಳ ಮನೆಗೆ ಹೋಗಿದ್ದಾಗ ನೋಡಿದ್ದೇನೆ. 19ನೇ ಶತಮಾನದ ನಡುವಿನಲ್ಲಿ ನ್ಯಾಯಾಧೀಶರು ತಿಂಗಳಿಗೊಮ್ಮೆ, ಮೊದಲ ಸೋಮವಾರ, ಆ ಊರಿಗೆ ಬರುತ್ತಿದ್ದರಂತೆ. ಕೋರ್ಟಿಗೆಂದು ಬಂದ ರೈತರು ತಮ್ಮ ಕುದುರೆ, ದನ, ಧಾನ್ಯವನ್ನೂ ತಂದು ವ್ಯಾಪಾರ ಮಾಡತೊಡಗಿದರು. ಕೋರ್ಟಿನ ದಿನ ಸಂತೆಯ ದಿನವಾಯಿತು. ಅಲ್ಲಿಯೂ ಜೇನು, ಉಪ್ಪಿನಕಾಯಿ, ಮರದ ಸೌಟು, ಕೈಹೊಲಿಗೆಯ ಕೌದಿ ಎಲ್ಲ ಇವೆ. ಅಲ್ಲಿಯೂ ಚೌಕಾಸಿ ಇದೆ!

ನಾನು ಪುಸ್ತಕದಲ್ಲಿ ನಾಲ್ಕು ಕಾಲಂ ಗೀಟು ಹಾಕಿದೆ: ದಿನಾಂಕ, ವಸ್ತು, ಮಾಡಿದವರು, ಬೆಲೆ. ಮೊಮ್ಮಗಳು ಪಕ್ಕದಲ್ಲಿ ಇನ್ನೊಂದು ಗೀಟು ಎಳೆದು, ವಕ್ರವಕ್ರವಾದ ಕನ್ನಡದಲ್ಲಿ ಬರೆದಳು: "ಎಷ್ಟು ದಿನ ಆಯ್ತು?" ಒಂದು ವಸ್ತುವನ್ನು ಮಾಡಲು ಎಷ್ಟು ದಿನ ಬೇಕು ಎಂದು ಎಲ್ಲರನ್ನೂ ಕೇಳುವುದು ಅವಳ ಚಾಳಿ. ಆ ಐದನೆಯ ಕಾಲಂ ನನಗೆ ಆಗ ಅನಗತ್ಯವೆನ್ನಿಸಿತು.

ಮೊದಲ ದಿನ: ಕೋಲಾರ

ಜೂನ್ ಕೊನೆಯ ವಾರ, ಬೆಳಗ್ಗೆ ಆರೂವರೆಗೆ ಇಬ್ಬರೂ ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಹೋದೆವು. ಟೊಮೆಟೊ ವಹಿವಾಟಿನಲ್ಲಿ ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಇದೂ ಒಂದು. ಕಣ್ಣು ಹಾಯಿಸಿದಷ್ಟು ದೂರ ಪ್ಲಾಸ್ಟಿಕ್ ಕ್ರೇಟುಗಳು, ಕ್ರೇಟಿನ ತುಂಬ ಕೆಂಪು. ಇಲ್ಲಿ ಲೆಕ್ಕ ಕಿಲೋದಲ್ಲಿ ಅಲ್ಲ, 15 ಕಿಲೋ ಹಿಡಿಯುವ ಬಾಕ್ಸಿನಲ್ಲಿ. ಮಂಡಿಯವರು ಕೂಗುತ್ತ ಹರಾಜು ಹಾಕುತ್ತಾರೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಬ್ಬ ರೈತನ ಎರಡು ತಿಂಗಳ ದುಡಿಮೆಯ ಬೆಲೆ ತೀರ್ಮಾನವಾಗಿ ಹೋಗುತ್ತದೆ. 2023ರ ಜುಲೈ ತಿಂಗಳಲ್ಲಿ ಇದೇ ಅಂಗಳದಲ್ಲಿ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದ ವರ್ಷಗಳಲ್ಲಿ ಲಾರಿ ಬಾಡಿಗೆಯೂ ಹುಟ್ಟದೆ ರಸ್ತೆ ಪಕ್ಕದಲ್ಲಿ ಸುರಿದು ಹೋದದ್ದನ್ನೂ ಕಂಡಿದ್ದೇವೆ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ ಎಂಬುದನ್ನು ಮಕ್ಕಳು ನೆನಪಿಡಬೇಕು. ಕೆರೆ ಮತ್ತು ಕೊಳವೆಬಾವಿ, ಇವೇ ನಮ್ಮ ಗಂಗೆ, ಕಾವೇರಿ. ಬೆಂಗಳೂರಿನ ಬಳಸಿದ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಶುರುವಾದದ್ದು 2018ರಲ್ಲಿ. ಇಂಥ ನೆಲದಲ್ಲಿ ಇಷ್ಟೊಂದು ಕೆಂಪು ಹಣ್ಣು ಬೆಳೆಯುವುದು ಸಾಮಾನ್ಯ ಮಾತಲ್ಲ.

ಮೊಮ್ಮಗಳು ಒಬ್ಬ ರೈತರ ಹತ್ತಿರ ಹೋಗಿ, "ಅಂಕಲ್, ನಾಲ್ಕು ಟೊಮೆಟೊ ಎಷ್ಟು?" ಎಂದು ಕೇಳಿದಳು. ಅವರು ನಕ್ಕು, "ನಾಲ್ಕಕ್ಕೆ ಇಲ್ಲಿ ಲೆಕ್ಕವೇ ಇಲ್ಲಮ್ಮ" ಎಂದು ನಾಲ್ಕು ಹಣ್ಣು ಆರಿಸಿ ಅವಳ ಕೈಗಿಟ್ಟರು. ದುಡ್ಡು ಮುಟ್ಟಲಿಲ್ಲ. ಸಸಿ ನೆಟ್ಟ ಮೇಲೆ ಎಷ್ಟು ದಿನ ಎಂದು ಕೇಳಿದ್ದಕ್ಕೆ, "ಎಪ್ಪತ್ತು ದಿನ ಅಂತ ಬರ್ಕೋ" ಎಂದರು. ಪುಸ್ತಕದ ಮೊದಲ ಸಾಲು ಹೀಗಾಯಿತು: ಟೊಮೆಟೊ 4, ಬೆಲೆ 0, ದಿನ 70. ಬ್ಯಾಂಕಿನಲ್ಲಿ ಇಂಥ ಎಂಟ್ರಿ ಹಾಕಿದ್ದರೆ ಇನ್‌ಸ್ಪೆಕ್ಟರು ನನ್ನನ್ನು ಬಿಡುತ್ತಿರಲಿಲ್ಲ! ಹೊರಗೆ ಗೇಟಿನ ಬಳಿ ತಾನೇ ಬೆಳೆದ ದಂಟಿನ ಸೊಪ್ಪು ಮಾರುತ್ತಿದ್ದ ಅಜ್ಜಿಯ ಹತ್ತಿರ 20 ರೂಪಾಯಿಗೆ ಎರಡು ಕಟ್ಟು ಕೊಂಡೆವು.

ಆ ದಿನ ನಾನು ಹುಡುಕಿದ್ದು ಕಂಬಳಿ. ಹಳೆಯ ಗೆಜೆಟಿಯರಿನಲ್ಲಿ ಕೋಲಾರ ಪಟ್ಟಣದ ಕಸುಬುಗಳೆಂದು ಎರಡನ್ನು ಬರೆದಿದ್ದಾರೆ. ಒಂದು, ಒರಟು ಉಣ್ಣೆಯ ಕಂಬಳಿ ನೇಯುವುದು. ಇನ್ನೊಂದನ್ನು ನೀವು ಊಹಿಸಲಾರಿರಿ, ಟರ್ಕಿ ಕೋಳಿ ಸಾಕುವುದು! ಬೆಂಗಳೂರಿನಲ್ಲಿದ್ದ ಯುರೋಪಿಯನ್ನರ ಊಟಕ್ಕೆ ಇಲ್ಲಿಂದ ಟರ್ಕಿ ಕೋಳಿಗಳು ಹೋಗುತ್ತಿದ್ದವು. ಅಮೆರಿಕದಲ್ಲಿ ನವೆಂಬರ್ ತಿಂಗಳ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಟರ್ಕಿ ಕೋಳಿಯೇ ಮುಖ್ಯ ಅಡುಗೆ. ಅದು ಒಂದು ಕಾಲಕ್ಕೆ ತಾತನ ಊರಿನ ಸರಕಾಗಿತ್ತು ಎಂದಾಗ ಮೊಮ್ಮಗಳು ಅರ್ಧ ಗಂಟೆ ನಕ್ಕಳು.

ಕಂಬಳಿಯ ಕೆಲಸ ಸುಲಭವಲ್ಲ. ಕುರಿಯ ಉಣ್ಣೆ ಕತ್ತರಿಸಿ, ಹಿಂಜಿ, ನೂತು, ಕುಣಿಮಗ್ಗದಲ್ಲಿ ನೇಯಬೇಕು. ನೂಲು ಗಟ್ಟಿಯಾಗಲು ಹುಣಸೆ ಬೀಜದ ಗಂಜಿ ಹಾಕುತ್ತಾರೆ. ನಮ್ಮ ತಂದೆಯವರ ಕರೀ ಕಂಬಳಿ ಮಳೆಯಲ್ಲಿ ಕೊಡೆ, ಚಳಿಯಲ್ಲಿ ಹೊದಿಕೆ, ಮದುವೆಯಲ್ಲಿ ಹಾಸು, ಎಲ್ಲವೂ ಆಗಿತ್ತು. ಅಂಥದ್ದಕ್ಕಾಗಿ ನಾನು ಎರಡು ಮೂರು ಬೀದಿ ತಿರುಗಿದೆ. ಸಿಕ್ಕಿದ್ದೆಲ್ಲ ಮಿಲ್ಲಿನ ಕಂಬಳಿ, ಬೇರೆ ರಾಜ್ಯದ್ದು. ಅಂಗಡಿಯವರು, "ನೇಯೋರು ಎಲ್ಲಿದ್ದಾರೆ ಸಾರ್ ಈಗ?" ಎಂದು ನನ್ನನ್ನೇ ಕೇಳಿದರು. ಷರತ್ತು ಷರತ್ತೇ, ಕೊಳ್ಳಲಿಲ್ಲ. ಆ ಸಾಲಿನಲ್ಲಿ ಮೊಮ್ಮಗಳು "ಸಿಗಲಿಲ್ಲ" ಎಂದು ಬರೆದಳು.

ಎರಡನೆಯ ದಿನ: ಮಾಲೂರು

ಮಾಲೂರಿನ ಹೆಂಚು, ಇಟ್ಟಿಗೆ ನನ್ನ ವಯಸ್ಸಿನವರಿಗೆಲ್ಲ ಗೊತ್ತು. ಕನ್ನಡದ ಸಣ್ಣ ಕಥೆಗಳಿಗೆ ಹೆಸರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮಾಸ್ತಿಯೂ ಇದೇ ತಾಲ್ಲೂಕಿನಲ್ಲಿದೆ. 'ಚಿಕವೀರ ರಾಜೇಂದ್ರ' ಕಾದಂಬರಿಗಾಗಿ ಅವರಿಗೆ 1983ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಬಂದಾಗ ನಾನು ಮಾಲೂರಿನ ಬ್ಯಾಂಕ್ ಶಾಖೆಯಲ್ಲಿ ಕೆಲಸದಲ್ಲಿದ್ದೆ. ನಾವು ಹೊರಟದ್ದು ಮಾತ್ರ ಶಿವಾರಪಟ್ಟಣಕ್ಕೆ.

ಶಿವಾರಪಟ್ಟಣಕ್ಕೆ ಕಾಲಿಟ್ಟರೆ ಮೊದಲು ಕೇಳುವುದು ಉಳಿಯ ಸದ್ದು. ಮನೆಯ ಮುಂದೆ, ಚಪ್ಪರದ ಕೆಳಗೆ, ಬೀದಿಯ ಅಂಚಿನಲ್ಲಿ ಎಲ್ಲೆಲ್ಲೂ ಅರ್ಧ ಎದ್ದ ದೇವರುಗಳು. ಒಂದು ಕಡೆ ತಲೆ ಮಾತ್ರ ಮೂಡಿದ ಗಣಪತಿ, ಇನ್ನೊಂದು ಕಡೆ ಮುಖವೇ ಇಲ್ಲದ ಆಂಜನೇಯ. ತಲೆಮಾರುಗಳಿಂದ ಇಲ್ಲಿಯ ಕುಟುಂಬಗಳಿಗೆ ಕಲ್ಲೇ ಜೀವನ. ಲೋಹದ ವಿಗ್ರಹ ಎರಕ ಹೊಯ್ಯುವವರೂ ಇದ್ದಾರೆ. ಇಲ್ಲಿ ಕೆತ್ತಿದ ವಿಗ್ರಹಗಳು ದೂರ ದೂರದ ದೇವಸ್ಥಾನಗಳಿಗೆ ಹೋಗುತ್ತವೆ.

ಒಂದು ಚಪ್ಪರದ ಕೆಳಗೆ ಐವತ್ತು ದಾಟಿದ ಶಿಲ್ಪಿಯೊಬ್ಬರು ಕೂತಿದ್ದರು. ಮೊಮ್ಮಗಳ ಪ್ರಶ್ನೆಗಳಿಗೆಲ್ಲ ಬೇಸರವಿಲ್ಲದೆ ಉತ್ತರ ಕೊಟ್ಟರು. ಕಲ್ಲನ್ನು ಆರಿಸುವಾಗ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾರೆ. ಗಂಟೆಯ ಹಾಗೆ ನಾದ ಬಂದರೆ ಒಳ್ಳೆಯ ಕಲ್ಲು, ಒಡಕು ದನಿ ಬಂದರೆ ಒಳಗೆ ಬಿರುಕಿದೆ ಎಂದರ್ಥ. ಮೂರ್ತಿಯ ಅಳತೆಗೆ ತಾಳಮಾನ ಎಂಬ ಲೆಕ್ಕವಿದೆ. ಮುಖದ ಉದ್ದವನ್ನೇ ಒಂದು ಅಳತೆಯಾಗಿ ಹಿಡಿದು, ದೇಹ ಅದಕ್ಕೆ ಎಷ್ಟು ಪಟ್ಟು ಇರಬೇಕು ಎಂದು ನಿರ್ಧರಿಸುತ್ತಾರೆ. ಕಣ್ಣು ಬಿಡಿಸುವುದು ಕಟ್ಟಕಡೆಗೆ. "ಕಣ್ಣು ಬಿಡಿಸೋವರೆಗೂ ಅದು ಕಲ್ಲೇ ಪುಟ್ಟಮ್ಮ" ಎಂದರು. ಈಗ ಕಲ್ಲು ಕೊಯ್ಯಲು, ಉಜ್ಜಲು ಮೆಷಿನ್ ಬಂದಿದೆ. ಕೆಲಸ ಬೇಗ ಆಗುತ್ತದೆ, ಆದರೆ ದೂಳು ಜಾಸ್ತಿ. ಆ ದೂಳು ಶ್ವಾಸಕೋಶಕ್ಕೆ ಸೇರಿದರೆ ವಾಸಿಯಾಗದ ಕಾಯಿಲೆ ಬರುತ್ತದೆ. ಅದಕ್ಕೇ ಮೂಗು ಬಾಯಿಗೆ ಟವೆಲ್ ಕಟ್ಟಿಕೊಂಡಿದ್ದರು.

ಮೊಮ್ಮಗಳ ಕಣ್ಣು ಒಂದು ಪುಟ್ಟ ಕರೀ ಕಲ್ಲಿನ ಬಸವಣ್ಣನ ಮೇಲೆ ಬಿತ್ತು. ಅಂಗೈ ಅಗಲದ್ದು. ಕೊರಳಿನ ಗಂಟೆಸರದಲ್ಲಿ ಒಂದೊಂದು ಗಂಟೆಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು.

"ಎಷ್ಟು?" ಎಂದೆ ನಾನು.

"ಸಾವಿರದ ಇನ್ನೂರು ಸಾರ್."

ಎಪ್ಪತ್ತು ದಾಟಿದ ನನ್ನ ನಾಲಿಗೆ ನನ್ನನ್ನು ಕೇಳದೆಯೇ ಹೊರಳಿತು. "ಒಂಬೈನೂರು ಮಾಡ್ಕೊಳ್ಳಿ. ಮಗು ಅಮೆರಿಕಾಕ್ಕೆ ತಗೊಂಡು ಹೋಗುತ್ತೆ."

ಅವರು ಒಂದು ಗಳಿಗೆ ಬಸವಣ್ಣನನ್ನು ನೋಡಿದರು. "ಆಯ್ತು, ಕೊಡಿ ಸಾರ್" ಎಂದು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಟ್ಟರು. ಮೂರು ನೂರು ಉಳಿಸಿದ ಖುಷಿಯಲ್ಲಿ ನಾನು ಎದ್ದೆ. ಮೊಮ್ಮಗಳು ಏಳಲಿಲ್ಲ. ಅವಳ ಐದನೆಯ ಕಾಲಂ ಖಾಲಿ ಇತ್ತಲ್ಲ. "ಇದಕ್ಕೆ ಎಷ್ಟು ದಿನ ಆಯ್ತು ಅಂಕಲ್?"

"ಮೂರು ದಿನ ಪುಟ್ಟಮ್ಮ."

"ಕಲ್ಲಿಗೆ ಎಷ್ಟು?"

"ಕಲ್ಲು, ಪಾಲಿಶು ಎಲ್ಲ ಸೇರಿ ಒಂದು ನೂರು ಹಾಕ್ಕೋ."

ಅವಳು ಬರೆದುಕೊಂಡಳು.

ರಾತ್ರಿಯ ಭಾಗಾಕಾರ

ಊಟವಾದ ಮೇಲೆ ಆ ದಿನದ ಲೆಕ್ಕ ಟ್ಯಾಲಿ ಮಾಡುವುದು ನನ್ನ ಕೆಲಸ. ಪುಸ್ತಕ ತೆಗೆದೆ. ಬಸವಣ್ಣ, 900 ರೂಪಾಯಿ, 3 ದಿನ. ಬ್ಯಾಂಕಿನ ಅಭ್ಯಾಸ, ಎರಡು ಅಂಕಿ ಅಕ್ಕಪಕ್ಕ ಕಂಡರೆ ಕೈ ಸುಮ್ಮನಿರುವುದಿಲ್ಲ. ಒಂಬೈನೂರರಲ್ಲಿ ಕಲ್ಲಿನ ಖರ್ಚು ನೂರು ಕಳೆದರೆ ಎಂಟುನೂರು. ಮೂರು ದಿನಕ್ಕೆ ಭಾಗಿಸಿದರೆ ದಿನಕ್ಕೆ 266 ರೂಪಾಯಿ ಚಿಲ್ಲರೆ.

ಆ ವರ್ಷ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಕೆರೆಯ ಹೂಳೆತ್ತುವುದೂ ಮರ್ಯಾದೆಯ ದುಡಿಮೆಯೇ, ಅದನ್ನು ಕೀಳೆಂದು ಹೇಳುತ್ತಿಲ್ಲ. ಆದರೆ ಒಂದು ಜೀವಮಾನ ಕಲಿತ ಕೈಗೆ ನಾನು ಕೊಟ್ಟದ್ದು ಅದಕ್ಕಿಂತ ನೂರು ರೂಪಾಯಿ ಕಡಿಮೆ. ಅವರು ಕೇಳಿದ ಬೆಲೆಯನ್ನು ಪೂರ್ತಿ ಕೊಟ್ಟಿದ್ದರೆ? ಸಾವಿರದ ನೂರನ್ನು ಮೂರರಿಂದ ಭಾಗಿಸಿದೆ. 366 ರೂಪಾಯಿ ಚಿಲ್ಲರೆ. ಆಗಲೂ ಮೂರು ರೂಪಾಯಿ ಚಿಲ್ಲರೆ ಕಡಿಮೆಯೇ! ಅವರು ಹೆಚ್ಚಿಗೆ ಕೇಳಿರಲೇ ಇಲ್ಲ.

ಮೊಮ್ಮಗಳು ನಿದ್ದೆ ಹೋಗಿದ್ದಳು. ನನಗೆ ನಿದ್ದೆ ಬರಲಿಲ್ಲ. ಕಾರಣ ಈ ಮುನ್ನೂರು ರೂಪಾಯಿ ಮಾತ್ರವಲ್ಲ. ನಲವತ್ತು ವರ್ಷಗಳ ಹಿಂದಿನ ಒಂದು ಬಾಕಿಯೂ ಅದರ ಜೊತೆ ಎದ್ದು ಬಂತು.

ಬಡವರಿಗೆ ಶೇಕಡಾ 4ರ ಬಡ್ಡಿಯಲ್ಲಿ ಸಾಲ ಕೊಡುವ ಯೋಜನೆಯೊಂದು 1972ರಲ್ಲಿ ಬ್ಯಾಂಕುಗಳಿಗೆ ಬಂತು. ನೂರು ರೂಪಾಯಿ ಸಾಲಕ್ಕೆ ವರ್ಷಕ್ಕೆ ನಾಲ್ಕೇ ರೂಪಾಯಿ ಬಡ್ಡಿ. ನಾನು ಮಾಲೂರಿನಲ್ಲಿದ್ದಾಗ ಶಿವಾರಪಟ್ಟಣದ ಶಿಲ್ಪಿಯೊಬ್ಬರು ಆ ಸಾಲ ಕೇಳಿಕೊಂಡು ನನ್ನ ಕೌಂಟರಿಗೆ ಬಂದರು. ಒಂದು ದೊಡ್ಡ ಮೂರ್ತಿಗೆ ಕಲ್ಲು ತರಿಸಬೇಕು, ಅದು ಮಾರಾಟವಾಗುವವರೆಗೆ ಮನೆ ನಡೆಯಬೇಕು. ನಾನು, "ಕಲ್ಲಿನ ಕೊಟೇಷನ್ ತನ್ನಿ" ಎಂದೆ. "ಬಂಡೆ ಒಡೆಯೋರು ಬಿಲ್ ಎಲ್ಲಿ ಕೊಡ್ತಾರೆ ಸ್ವಾಮಿ?" ಎಂದರು. ಎರಡನೆಯ ಸಲ ಬಂದಾಗಲೂ ಅದೇ ಮಾತು. ಮೂರನೆಯ ಸಲ ಟವೆಲಿನಲ್ಲಿ ಸುತ್ತಿದ ಸಣ್ಣ ಗಣಪನನ್ನು ತಂದು ಕೌಂಟರಿನ ಮೇಲಿಟ್ಟು, "ಇದೇ ನನ್ನ ಕೊಟೇಷನ್ನು ಸ್ವಾಮಿ" ಎಂದರು. ಪಕ್ಕದ ಕೌಂಟರಿನವರೂ ನಾನೂ ನಕ್ಕುಬಿಟ್ಟೆವು. ಅವರು ಗಣಪನನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು ಹೋದರು. ಮತ್ತೆ ಬರಲಿಲ್ಲ.

ಆ ಅರ್ಜಿಯನ್ನು ಮ್ಯಾನೇಜರ್ ನೋಡಿರಲೇ ಇಲ್ಲ. ಒಂದು ಮಾತು ಅವರ ಕಿವಿಗೆ ಹಾಕಿದ್ದರೆ ಏನಾದರೂ ದಾರಿ ಇರುತ್ತಿತ್ತೋ ಏನೋ. ತಪ್ಪು ಬ್ಯಾಂಕಿನದಲ್ಲ, ನನ್ನದು.

ಮೂರನೆಯ ದಿನ: ಶ್ರೀನಿವಾಸಪುರ, ಮುಳಬಾಗಿಲು

ಬೆಳಗ್ಗೆ ಶ್ರೀನಿವಾಸಪುರದ ಬಸ್ಸು ಹತ್ತಿದೆವು. ಊರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಮಾವಿನ ತೋಪು. ಕರ್ನಾಟಕದಲ್ಲಿ ಮಾವು ಎಂದರೆ ಮೊದಲು ನೆನಪಾಗುವ ತಾಲ್ಲೂಕು ಇದು. ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ, ನೀಲಂ, ಒಂದೊಂದಕ್ಕೂ ಒಂದೊಂದು ರುಚಿ. ಮಲ್ಲಿಕಾ ಎಂಬುದು ನೀಲಂ ಮತ್ತು ದಶೇರಿ ತಳಿಗಳನ್ನು ಕೂಡಿಸಿ ವಿಜ್ಞಾನಿಗಳು ಮಾಡಿದ ತಳಿ. ಗಿಣಿಯ ಕೊಕ್ಕಿನಂತೆ ಮೂತಿ ಇರುವುದು ತೋತಾಪುರಿ. ಅದನ್ನು ಹೆಚ್ಚಾಗಿ ಕಾರ್ಖಾನೆಗಳು ತಿರುಳು ತೆಗೆಯಲು ಕೊಳ್ಳುತ್ತವೆ. ನೀವು ಬಾಟಲಿಯಲ್ಲಿ ಕುಡಿಯುವ ಮಾವಿನ ಪಾನೀಯದಲ್ಲಿ ಇರುವುದು ಸಾಮಾನ್ಯವಾಗಿ ಅದೇ.

2025ರಲ್ಲಿ ತೋತಾಪುರಿಯ ಬೆಲೆ ನೆಲ ಕಚ್ಚಿತ್ತು. ನಮ್ಮ ತೋತಾಪುರಿ ಹೋಗುತ್ತಿದ್ದ ತಿರುಳಿನ ಕಾರ್ಖಾನೆಗಳು ಹೆಚ್ಚಾಗಿ ಪಕ್ಕದ ಆಂಧ್ರದ ಚಿತ್ತೂರಿನಲ್ಲಿವೆ. ಅಲ್ಲಿಯೂ ಫಸಲು ಹೆಚ್ಚಾಗಿ, ಜೂನ್ ಮೊದಲ ವಾರದಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಗೆ ಬರದಂತೆ ತಡೆಯಿತು. ಜೂನ್ 11ರಂದು ಶ್ರೀನಿವಾಸಪುರ ಬಂದ್ ಆಯಿತು. ತಿಂಗಳ ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 1,616 ರೂಪಾಯಿ ಮಾರುಕಟ್ಟೆ ಬೆಲೆ ನಿಗದಿ ಮಾಡಿ, 2.5 ಲಕ್ಷ ಟನ್ ವರೆಗೆ ರೈತರಿಗೆ ಬೆಲೆಯ ವ್ಯತ್ಯಾಸ ತುಂಬಿಕೊಡಲು ಒಪ್ಪಿತು.

ನಾವು ಹೋದ ತೋಪಿನಲ್ಲಿ ಮರದ ಕೆಳಗೆ ತೋತಾಪುರಿಯ ರಾಶಿ ಬಿದ್ದಿತ್ತು. ತೋಪಿನ ಯಜಮಾನರು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ, "ಎಷ್ಟು ಬೇಕೋ ತಗೊಳ್ಳಿ ಸಾರ್, ಕೀಳೋ ಕೂಲಿನೇ ಹುಟ್ತಿಲ್ಲ" ಎಂದರು. ಹಿಂದಿನ ದಿನದ ನಾನಾಗಿದ್ದರೆ ಚೀಲ ಬಿಚ್ಚುತ್ತಿದ್ದೆ. ಈಗ ಹತ್ತು ಕಿಲೋ ತೂಗಿಸಿ ನೂರು ರೂಪಾಯಿ ಅವರ ಜೇಬಿಗೆ ಹಾಕಿದೆ. ಐದು ಕಿಲೋ ಮಲ್ಲಿಕಾ ಹಣ್ಣಿಗೆ ಅವರು ಹೇಳಿದಂತೆ 250 ಕೊಟ್ಟೆವು. ಅವರ ಮನೆಯಾಕೆ ಹಾಕಿದ ಉಪ್ಪಿನಕಾಯಿ ಒಂದು ಬಾಟಲಿ, 150. "ಎಷ್ಟು ದಿನ?" ಎಂದು ಮೊಮ್ಮಗಳು ಕೇಳಿದಳು. "ಹೂ ಬಿಟ್ಟಲ್ಲಿಂದ ಲೆಕ್ಕ ಹಾಕಿದರೆ ನಾಲ್ಕೈದು ತಿಂಗಳು. ಮರ ನಮ್ಮ ಅಪ್ಪ ನೆಟ್ಟಿದ್ದು. ಅದನ್ನ ಹೇಗೆ ಬರ್ಕೊಳ್ತೀಯಮ್ಮ?" ಎಂದರು. ಅವಳು ಸ್ವಲ್ಪ ಯೋಚಿಸಿ, "ಅಪ್ಪ" ಎಂದೇ ಬರೆದಳು.

ಈ ಹಣ್ಣನ್ನು ಅಮೆರಿಕಾಕ್ಕೆ ಒಯ್ಯಬೇಕೆಂದು ಅವಳ ಆಸೆ. ಅದಾಗದು. ಹಣ್ಣುನೊಣ, ಓಟೆಯೊಳಗಿನ ಹುಳು ತಮ್ಮ ದೇಶಕ್ಕೆ ಬಂದೀತೆಂದು ಪ್ರಯಾಣಿಕರು ತಂದ ಮಾವನ್ನು ಅಲ್ಲಿ ಬಿಡುವುದಿಲ್ಲ. ವ್ಯಾಪಾರಕ್ಕೆ ಹೋಗುವ ಮಾವಿಗೆ ವಿಕಿರಣ ಹಾಯಿಸಿ ಆ ಹುಳುಗಳು ಸಂತಾನ ಬೆಳೆಸದಂತೆ ಮಾಡಬೇಕು. ಈ ವ್ಯವಸ್ಥೆಯಲ್ಲಿ 2007ರಿಂದ ಭಾರತದ ಮಾವು ಅಮೆರಿಕಾಕ್ಕೆ ಹೋಗುತ್ತಿದೆ. ಅಂಥ ಒಂದು ಘಟಕ ನಮ್ಮ ಮಾಲೂರಿನಲ್ಲೇ ಇದೆ! ಬರಿಗೈಯಲ್ಲಿ ಹೋಗುವ ಮೊಮ್ಮಗಳಿಗೆ ಅಷ್ಟು ಸಮಾಧಾನ.

ಮಧ್ಯಾಹ್ನ ಮುಳಬಾಗಿಲು. ಮೂಡಲ ಬಾಗಿಲು ಎಂಬುದೇ ಮುಳಬಾಗಿಲು ಆಯಿತು. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಹೊಟ್ಟೆಗೆ ಮುಳಬಾಗಿಲು ದೋಸೆ ಬಿತ್ತು, ತಳ ಗರಿಗರಿ, ಮೇಲೆ ಮೆತ್ತಗೆ. ದೋಸೆಯ ದುಡ್ಡು ತಾತನ ಖಾತೆಗೆ.

ರಸ್ತೆಯ ಪಕ್ಕ ಮರದ ನೆರಳಿನಲ್ಲಿ ಒಬ್ಬ ಅಜ್ಜಿ ಬಿದಿರು ಸೀಳುತ್ತಿದ್ದರು. ಮಚ್ಚಿನ ಒಂದು ಏಟಿಗೆ ಬಿದಿರು ಎರಡು, ಎರಡು ನಾಲ್ಕು, ಕೊನೆಗೆ ಕಾಗದದಷ್ಟು ತೆಳ್ಳಗಿನ ಪಟ್ಟಿ. ಗೌರಿ ಹಬ್ಬದ ಬಾಗಿನಕ್ಕೆ ಮೊರ ಹೆಣೆದಿಡುವ ಕಾಲ ಅದು. ಮೊಮ್ಮಗಳು ಎರಡು ಪುಟ್ಟ ಬುಟ್ಟಿ, ಒಂದು ಮೊರ ಆರಿಸಿದಳು. ಅಜ್ಜಿ ಹೇಳಿದ್ದು 500, ಕೊಟ್ಟದ್ದು 500. ಅಜ್ಜಿ ನನ್ನ ಮುಖವನ್ನೇ ನೋಡಿದರು. "ಯಾಕೆ ಸ್ವಾಮಿ, ಕಮ್ಮಿ ಮಾಡು ಅನ್ನಲಿಲ್ಲ?" ಎಂದರು. ನಾನು ಏನೂ ಹೇಳಲಿಲ್ಲ. ಅವರು ಮೊಮ್ಮಗಳಿಗೆ, "ತಗೋ ಪಾಪ" ಎಂದು ಬೆರಳುದ್ದದ ಒಂದು ಪೀಪಿ ಮಾಡಿಕೊಟ್ಟರು. ಅದನ್ನು ಊದಿ ಊದಿ ಅವಳು ದಾರಿಯುದ್ದಕ್ಕೂ ನಮ್ಮ ಕಿವಿ ಕಿವುಡು ಮಾಡಿದಳು.

ಅಲ್ಲಿಂದ ಹತ್ತಿರದ ಕುರುಡುಮಲೆಗೆ ಹೋದೆವು. ಅಲ್ಲಿಯ ಗಣಪತಿ ಏಕಶಿಲೆಯದು, ಹದಿಮೂರೂವರೆ ಅಡಿ ಎತ್ತರ. ಹೊಸ ಕೆಲಸ ಶುರು ಮಾಡುವವರು ಮೊದಲು ಇಲ್ಲಿಗೆ ಬರುತ್ತಾರೆ. ಇಲ್ಲಿಯ ಶಿವಾಲಯದ ಒಂದರ್ಧವನ್ನು ಜಕಣಾಚಾರಿಯೂ ಇನ್ನರ್ಧವನ್ನು ಮಗ ಡಂಕಣಾಚಾರಿಯೂ ಕೆತ್ತಿದರೆಂದು ಊರಿನವರು ಹೇಳುತ್ತಾರೆ. ಮೊಮ್ಮಗಳು ತಲೆಯೆತ್ತಿ ಗಣಪತಿಯನ್ನು ನೋಡಿ, "ಇದಕ್ಕೆ ಎಷ್ಟು ದಿನ ಆಗಿರಬಹುದು ತಾತಾ? ಅವರಿಗೆ ಎಷ್ಟು ಕೊಟ್ಟಿರಬಹುದು?" ಎಂದಳು. ನಾನು ಆ ಎತ್ತರದ ಗಣಪತಿಯ ಮುಂದೆ ನಿಂತು ಟವೆಲಿನಲ್ಲಿ ಸುತ್ತಿದ್ದ ಸಣ್ಣ ಗಣಪನನ್ನು ನೆನೆಯುತ್ತಿದ್ದೆ. ಬಸ್ಸಿನಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದೆ, ರಾತ್ರಿಯ ಭಾಗಾಕಾರವನ್ನೂ ಸೇರಿಸಿ.

ನಾಲ್ಕನೆಯ ದಿನ: ಮತ್ತೆ ಶಿವಾರಪಟ್ಟಣ

ಮರುದಿನ ಮತ್ತೆ ಆ ಚಪ್ಪರದ ಮುಂದೆ ನಿಂತೆವು. ಮುನ್ನೂರು ರೂಪಾಯಿ ಕೈಯಲ್ಲಿ ಹಿಡಿದು, "ಮೊನ್ನೆಯದು ಬಾಕಿ ಇತ್ತು" ಎಂದೆ.

ಶಿಲ್ಪಿ ಕೈ ಮುಂದೆ ಚಾಚಲಿಲ್ಲ. "ವ್ಯಾಪಾರ ಮುಗೀತಲ್ಲ ಸಾರ್. ಒಪ್ಪಿ ಕೊಟ್ಟಿದ್ದು ನಾನೇ. ಈಗ ತಗೊಂಡರೆ ಅದು ದಾನ ಆಗುತ್ತೆ."

ಹೌದಲ್ಲ! ಇದು ನನಗೆ ಹೊಳೆದಿರಲಿಲ್ಲ. ನೋಟುಗಳನ್ನು ಏನು ಮಾಡುವುದೋ ತಿಳಿಯದೆ ಹಿಡಿದು ನಿಂತಿದ್ದೆ. ಆಗ ಮೊಮ್ಮಗಳು ಪುಸ್ತಕ ತೆರೆದು, "ತಾತಾ, ನಮ್ಮ ಹತ್ತಿರ ಇನ್ನೂ 2,080 ಇದೆ" ಎಂದಳು.

ನಮ್ಮ ಮನೆಯವರು ಅಂಗಳಕ್ಕೆ ಒಂದು ಕಲ್ಲಿನ ತುಳಸಿ ಬೃಂದಾವನ ಬೇಕೆಂದು ಹೇಳತೊಡಗಿ ಹತ್ತು ವರ್ಷವಾಗಿತ್ತು. ಸಿಮೆಂಟಿನದು ಅಗ್ಗವೆಂದು ನಾನು ಮುಂದೂಡುತ್ತಲೇ ಬಂದಿದ್ದೆ. "ಎರಡಡಿಯ ಬೃಂದಾವನಕ್ಕೆ ಎಷ್ಟಾಗುತ್ತೆ?" ಎಂದೆ.

"ಎಂಟೂವರೆ ಸಾವಿರ ಸಾರ್. ಹನ್ನೆರಡು ದಿನದ ಕೆಲಸ."

"ಮಾಡಿಕೊಡಿ."

ಅವರು ಕಾದರು. ನಾನು ಸುಮ್ಮನಿದ್ದೆ. ಮೊಮ್ಮಗಳು 2,080 ರೂಪಾಯಿ ಎಣಿಸಿ ಮುಂಗಡ ಕೊಟ್ಟಳು. ಉಳಿದದ್ದನ್ನು ನಾನು ಅಲ್ಲೇ ಕೊಟ್ಟೆ. ಆಗ ಅವರು ಹೇಳಿದರು: "ಮುಂಗಡವೇ ಪೂರ್ತಿ ಸಿಕ್ಕರೆ ಒಳ್ಳೇ ಕಲ್ಲು ತರಬಹುದು ಸಾರ್. ಇಲ್ಲದಿದ್ದರೆ ಸಿಕ್ಕಿದ ಕಲ್ಲಲ್ಲೇ ಮಾಡಬೇಕು."

ನಲವತ್ತು ವರ್ಷಗಳ ಹಿಂದೆ ನನ್ನ ಕೌಂಟರಿನಲ್ಲಿ ಕೇಳಿದ್ದೂ ಇದೇ ಮಾತು. ಆ ಹಿರಿಯರ ಹೆಸರು ನನಗೆ ನೆನಪಿದೆ. ಹೊರಡುವಾಗ ವಿಚಾರಿಸಿದೆ. ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳು ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದರು ಎಂದರು. ಆ ಬಾಕಿ ತೀರುವಂಥದ್ದಲ್ಲ. ಹಾಗೇ ಉಳಿದಿದೆ.

ಕೊಳ್ಳುವವರಿಗೆ ನಾಲ್ಕು ಮಾತು

ಅಜ್ಜ ಅಜ್ಜಿಯರೇ, ರಜೆಯಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ನಿಮ್ಮ ನಿಮ್ಮ ತಾಲ್ಲೂಕಿನಲ್ಲೂ ಹೀಗೆ ಹೊರಡಿ. ಮಕ್ಕಳೇ, ಪುಸ್ತಕ ನಿಮ್ಮ ಕೈಯಲ್ಲಿರಲಿ.

ಬೆಲೆ ಕೇಳುವ ಮೊದಲು, ಮಾಡಲು ಎಷ್ಟು ದಿನ ಬೇಕಾಯಿತು ಎಂದು ಕೇಳಿ. ಸಾಮಾನಿನ ಖರ್ಚು ಕಳೆದು, ದಿನದ ಲೆಕ್ಕಕ್ಕೆ ಭಾಗಿಸಿ ನೋಡಿ. ಆಮೇಲೆ ಚೌಕಾಸಿ ಮಾಡಬೇಕೋ ಬೇಡವೋ ನಿಮಗೇ ತಿಳಿಯುತ್ತದೆ.

ಚೌಕಾಸಿ ಮಾಡಲೇಬೇಕೆಂದರೆ ತಂದು ಮಾರುವ ದೊಡ್ಡ ಅಂಗಡಿಯಲ್ಲಿ ಮಾಡಿ. ಮಾಡಿದವರ ಮುಂದೆ, ಬೆಳೆದವರ ಮುಂದೆ ಬೇಡ.

ಮಾವನ್ನು ತೊಟ್ಟಿನ ಬಳಿ ಮೂಸಿ ನೋಡಿ. ಬಣ್ಣವಿದ್ದು ವಾಸನೆ ಇಲ್ಲದಿದ್ದರೆ ಬಿಡಿ. ಬಲಿತ ಕಾಯಿ ತಂದು ಹುಲ್ಲಿನಲ್ಲಿಟ್ಟು ಮನೆಯಲ್ಲೇ ಹಣ್ಣು ಮಾಡಿ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ಕಾನೂನಿನ ನಿಷೇಧವಿದೆ.

ಹೇಳಿ ಮಾಡಿಸುವುದಿದ್ದರೆ ಮುಂಗಡ ಕೊಡಿ. ಕೈಕಸುಬಿನವರಿಗೆ ಹೊಗಳಿಕೆಗಿಂತ ಅದು ಹೆಚ್ಚು ಉಪಯೋಗ.

ಮೊಮ್ಮಗಳು ಜುಲೈ ತಿಂಗಳಲ್ಲಿ ಹೊರಟಳು. ಬುಟ್ಟಿ, ಮೊರ, ಪೀಪಿ, ಉಪ್ಪಿನಕಾಯಿ ಎಲ್ಲವೂ ಪೆಟ್ಟಿಗೆ ಸೇರಿದವು. ಗೆಳತಿಯರ ಪಟ್ಟಿಗೆ ವಸ್ತುಗಳು ಸಾಲಲಿಲ್ಲ. ಬಸವಣ್ಣನನ್ನು ಯಾರಿಗೂ ಕೊಡುವುದಿಲ್ಲ, ತನ್ನ ಮೇಜಿನ ಮೇಲೆ ಇಟ್ಟುಕೊಳ್ಳುತ್ತೇನೆ ಎಂದಳು. ಪುಸ್ತಕವನ್ನು ನನಗೆ ಬಿಟ್ಟು ಹೋದಳು.

ಬೃಂದಾವನ ಹೇಳಿದ ದಿನಕ್ಕೆ ಬಂತು. ಕಾರ್ತಿಕ ಮಾಸದ ತುಳಸಿ ಹಬ್ಬದಂದು ನಮ್ಮ ಮನೆಯವರು ಅದರ ಮುಂದೆ ನೆಲ್ಲಿಕಾಯಿ ದೀಪ ಹಚ್ಚಿದರು. ನಾನು ಪುಸ್ತಕ ತೆಗೆದು ಕೊನೆಯ ಸಾಲು ಬರೆದೆ: ತುಳಸಿ ಬೃಂದಾವನ, ಶಿವಾರಪಟ್ಟಣ, 8,500 ರೂಪಾಯಿ, 12 ದಿನ. ಅದರ ಮೇಲೆ ಮೊಮ್ಮಗಳ ವಕ್ರ ಅಕ್ಷರದಲ್ಲಿ ಬಸವಣ್ಣನ ಸಾಲು ಇದೆ: 900 ರೂಪಾಯಿ, 3 ದಿನ. ಆ ಅಂಕಿಯನ್ನು ತಿದ್ದಿಲ್ಲ. ಹಾಗೇ ಇರಲಿ ಎಂದು ಬಿಟ್ಟಿದ್ದೇನೆ.